ದನದ ದವಡೆ ಒಂದು ಬದಿ ಉಬ್ಬಿದರೆ ಏನು ಮಾಡಬೇಕು?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬಂಟ್ವಾಳ ತಾಲೂಕಿನ ನಮ್ಮ ಮನೆಯ ಹಟ್ಟಿಯಲ್ಲಿ ಕೆಂಪಿ ಎಂಬ ಮಿಶ್ರತಳಿಯ ದನವೊಂದಿತ್ತು. ಎರಡನೆಯ ಕರು ಹಾಕಿ ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತಿತ್ತು. ಏಣೆಲು ಕೊಯ್ಲಿನ ಗಡಿಬಿಡಿಯ ದಿನ. ಹಾಲು ಕರೆದು ಎದ್ದ ನನ್ನ ತಾಯಿ, “ಇದರ ಎಡ ದವಡೆ ಯಾಕೋ ಬಲದ ಹಾಗಿಲ್ಲ, ಒಮ್ಮೆ ನೋಡು” ಎಂದರು. ನೋಡಿದರೆ ಕೆಳದವಡೆಯ ಮೇಲೆ ಅಡಿಕೆಯಷ್ಟು ದಪ್ಪದ ಗಂಟು. ಏನೋ ಮುಳ್ಳು ಚುಚ್ಚಿರಬೇಕು, ತಾನಾಗಿ ಇಳಿದೀತು ಎಂದು ಸುಮ್ಮನಾದೆವು.

ಕೊಯ್ಲು ಮುಗಿಯಿತು, ಸುಗ್ಗಿಯ ನೇಜಿಯೂ ಆಯಿತು. ಅಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಪರಿಚಯದವರೊಬ್ಬರ ಮಾತು ಕೇಳಿ ಬರೆ ಹಾಕಿಸಿದೆವು. ಇಳಿಯಲಿಲ್ಲ. ಇನ್ನೊಬ್ಬರು ಒಳಗೆ ಕೀವು ತುಂಬಿದೆ, ಕೊಯ್ದರೆ ಸರಿಯಾಗುತ್ತದೆ ಎಂದು ಬ್ಲೇಡು ಹಾಕಿದರು. ಕೀವು ಬರಲಿಲ್ಲ, ರಕ್ತ ಮಾತ್ರ ಬಂತು. ಆ ಗಾಯ ಮತ್ತೆ ಮಾಯಲೇ ಇಲ್ಲ. ಕೊನೆಗೆ ಪಶುವೈದ್ಯರನ್ನು ಕರೆತಂದಾಗ ಆ ಬದಿಯ ಎರಡು ದವಡೆಹಲ್ಲುಗಳು ಅಲ್ಲಾಡುತ್ತಿದ್ದವು. ಅವರು ಗಂಟನ್ನು ಒತ್ತಿ ನೋಡಿ, “ನೋಡಿ ಇವರೇ, ಇದು ಚರ್ಮದ ಗಂಟಲ್ಲ. ಒಳಗಿನ ಎಲುಬೇ ಹಾಳಾಗಿದೆ. ಅಡಿಕೆಯಷ್ಟು ಇದ್ದಾಗ ಕರೆಯಬೇಕಿತ್ತು” ಎಂದರು. ಔಷಧಿ ಕೊಟ್ಟರು. ಆದರೆ ಕಾಲ ಮಿಂಚಿತ್ತು. ಹುಲ್ಲು ಜಗಿಯಲಾಗದೆ ಸೊರಗಿದ ಕೆಂಪಿ ಮುಂದಿನ ಮಳೆಗಾಲ ಕಳೆಯಲಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದಲ್ಲಿ ಒಂದೆರಡು ದನ ಕಟ್ಟಿ ಹಾಲಿನ ಸೊಸೈಟಿಗೆ ಹಾಲು ಹಾಕುವ ಮನೆಗಳು ಊರೂರಲ್ಲಿ ಇವೆ. ಅಡಿಕೆಯ ಹಣ ವರ್ಷಕ್ಕೊಮ್ಮೆ ಕೈಸೇರಿದರೆ, ಹಾಲಿನ ಹಣ ದಿನನಿತ್ಯದ ಖರ್ಚಿಗೆ ಆಗುತ್ತದೆ. ಅಂಥ ಮನೆಯಲ್ಲಿ ಒಂದು ದನ ಹೋಯಿತೆಂದರೆ ಅದು ಸಣ್ಣ ನಷ್ಟವಲ್ಲ. ಕೆಂಪಿಯನ್ನು ಕಳೆದುಕೊಂಡ ಮೇಲೆ ಪಶುವೈದ್ಯರಲ್ಲಿ ಕೇಳಿ ತಿಳಿದದ್ದನ್ನು, ಅನಂತರದ ಅನುಭವವನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ದವಡೆಯ ಎರಡು ಬದಿ ಸಮವಾಗಿಲ್ಲ ಎಂದು ಕಂಡರೆ ರೈತ ಬಾಂಧವರು ಅದೇ ದಿನ ಏನು ಮಾಡಬಹುದು ಎಂಬುದೇ ಇದರ ಮುಖ್ಯ ವಿಚಾರ.

ದನಕ್ಕೆ ದವಡೆಯೇ ಬೀಸುಕಲ್ಲು

ದನದ ಮೇಲಿನ ವಸಡಿನಲ್ಲಿ ಮುಂದಿನ ಹಲ್ಲುಗಳಿಲ್ಲ ಎಂಬುದು ಸಾಕುವವರಿಗೆಲ್ಲ ಗೊತ್ತು. ಕೆಳಗಿನ ಎಂಟು ಮುಂಬಲ್ಲುಗಳನ್ನು ಮೇಲಿನ ಗಟ್ಟಿ ವಸಡಿಗೆ ಒತ್ತಿ ಅದು ಹುಲ್ಲನ್ನು ಕಿತ್ತುಕೊಳ್ಳುತ್ತದೆ. ಆದರೆ ಅರೆಯುವ ಕೆಲಸ ಹಿಂದಿನ ದವಡೆಹಲ್ಲುಗಳದ್ದು. ಮೇಲೆ ಕೆಳಗೆ, ಎಡ ಬಲ, ಒಂದೊಂದು ಸಾಲಿನಲ್ಲಿ ಆರಾರು ಹಲ್ಲುಗಳಿವೆ. ತಿನ್ನುವಾಗ ಮಾತ್ರವಲ್ಲ, ಮಲಗಿ ಮೆಲುಕು ಹಾಕುವಾಗಲೂ ಕೆಳದವಡೆ ಗಂಟೆಗಟ್ಟಲೆ ಅಡ್ಡಡ್ಡ ತಿರುಗುತ್ತಿರಬೇಕು.

ಈ ಬೀಸುಕಲ್ಲು ಒಂದು ಬದಿಯಲ್ಲಿ ಕೆಟ್ಟರೆ ಮೊದಲು ದನ ಒಂದೇ ಬದಿಯಲ್ಲಿ ಜಗಿಯುತ್ತದೆ. ಅರ್ಧ ಜಗಿದ ಹುಲ್ಲಿನ ಉಂಡೆ ಬಾಯಿಯಿಂದ ಬೀಳುತ್ತದೆ. ಬಾಯಿ ವಾಸನೆ ಬರುತ್ತದೆ. ಮೆಲುಕು ಕಡಿಮೆಯಾದಂತೆ ಹಾಲು ಇಳಿಯುತ್ತದೆ, ಪಕ್ಕೆಲುಬು ಕಾಣುತ್ತದೆ. ಹಿಂಡಿ ಹೆಚ್ಚು ಹಾಕಿದರೂ ಮೈ ಹಿಡಿಯುವುದಿಲ್ಲ. ಹಾಲು ಇಳಿದುದಕ್ಕೆ ಕೆಚ್ಚಲನ್ನು ನೋಡುವ ನಾವು ಬಾಯಿಯನ್ನು ನೋಡುವುದು ಕಡಿಮೆ.

ಕೈ ಹಾಕುವ ಮೊದಲು ಒಂದು ಎಚ್ಚರಿಕೆ

ದನ ಜೊಲ್ಲು ಸುರಿಸುತ್ತಿದ್ದರೆ, ಕೆಳದವಡೆ ಜೋತುಬಿದ್ದಿದ್ದರೆ, ನೀರು ನುಂಗಲು ಕಷ್ಟಪಡುತ್ತಿದ್ದರೆ, ಧ್ವನಿ ಬದಲಾಗಿ ವಿಚಿತ್ರವಾಗಿ ಕೂಗುತ್ತಿದ್ದರೆ ಬಾಯಿಯೊಳಗೆ ಕೈ ಹಾಕಬಾರದು. ಹುಚ್ಚು ನಾಯಿ ಕಚ್ಚಿದ ದನದಲ್ಲಿಯೂ ಇವೇ ಲಕ್ಷಣಗಳು ಕಾಣುತ್ತವೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ತಿಳಿದು ಕೈ ಹಾಕಿ ಅಪಾಯ ತಂದುಕೊಂಡವರಿದ್ದಾರೆ. ಅಂಥ ದನವನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಟ್ಟು, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಅದರ ಜೊಲ್ಲು ಕೈಯ ಗಾಯಕ್ಕೋ ಕಣ್ಣು ಬಾಯಿಗೋ ತಾಗಿದ್ದರೆ ಸೋಪು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯವನ್ನು ತೊಳೆದು, ಕಣ್ಣು ಬಾಯಿಯಾದರೆ ಬರೇ ನೀರಿನಲ್ಲಿ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ವಿಚಾರ ಕೇಳಬೇಕು.

ದನ ಆರಾಮವಾಗಿ ಮೇವು ನೀರು ತೆಗೆದುಕೊಳ್ಳುತ್ತಿದ್ದು, ದವಡೆಯಲ್ಲಿ ಉಬ್ಬು ಮಾತ್ರ ಇದ್ದರೆ ಹೊರಗಿನಿಂದ ಪರೀಕ್ಷಿಸಲು ಅಡ್ಡಿಯಿಲ್ಲ.

ಹೆಬ್ಬೆರಳಿನ ಪರೀಕ್ಷೆ

ದನದ ಎದುರು ನಿಂತು ಎರಡೂ ಅಂಗೈಗಳಿಂದ ಕೆಳದವಡೆಯ ಎರಡು ಬದಿಯನ್ನು ಒಟ್ಟಿಗೇ ಗಲ್ಲದಿಂದ ಕಿವಿಯ ಬುಡದವರೆಗೆ ತಡವಬೇಕು. ಒಂದೇ ಕೈಯಿಂದ ಒಂದು ಬದಿ ಮಾತ್ರ ಮುಟ್ಟಿದರೆ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಎರಡು ಕೈ ಒಟ್ಟಿಗೆ ಹೋದಾಗ ಅಡಿಕೆಯಷ್ಟು ಉಬ್ಬೂ ಗೊತ್ತಾಗುತ್ತದೆ. ಉಬ್ಬು ಸಿಕ್ಕಿದಲ್ಲಿ ಹೆಬ್ಬೆರಳಿನಿಂದ ಒತ್ತಿ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು.

ಒಂದು, ಉಬ್ಬು ಮೆತ್ತಗಿದೆಯೋ, ಕಲ್ಲಿನಂತೆ ಗಟ್ಟಿಯಾಗಿದೆಯೋ? ಎರಡು, ಚರ್ಮದೊಂದಿಗೆ ಅತ್ತಿತ್ತ ಸರಿಯುತ್ತದೆಯೋ, ಎಲುಬಿಗೆ ಕಚ್ಚಿ ಕೂತಿದೆಯೋ? ಮೂರು, ಒಂದು ಬದಿಯಲ್ಲಿದೆಯೋ, ಗಲ್ಲದ ಕೆಳಗೆ ನಡುವಿನಲ್ಲಿದೆಯೋ? ನಾಲ್ಕು, ಮುಟ್ಟಿದರೆ ಬಿಸಿ, ನೋವು, ಜ್ವರ ಇದೆಯೋ ಇಲ್ಲವೋ?

ಈ ನಾಲ್ಕು ಉತ್ತರಗಳನ್ನು ಫೋನಿನಲ್ಲಿ ಹೇಳಿದರೂ ಪಶುವೈದ್ಯರಿಗೆ ಅರ್ಧ ವಿಷಯ ತಿಳಿಯುತ್ತದೆ. ಔಷಧಿ ಯಾವುದೆಂದು ಅವರು ನಿರ್ಧರಿಸುತ್ತಾರೆ. ಎಷ್ಟು ಬೇಗ ಕರೆಯಬೇಕು ಎಂಬುದನ್ನು ಮಾತ್ರ ನಾವು ನಿರ್ಧರಿಸಬೇಕು.

ಮೆತ್ತಗಿನ ಉಬ್ಬುಗಳು

ಗಲ್ಲದ ಕೆಳಗೆ ನಡುವಿನಲ್ಲಿ ನೀರು ತುಂಬಿದ ಚೀಲದಂತೆ ಮೆತ್ತಗೆ ಇಳಿಬಿದ್ದು, ನೋವಿಲ್ಲದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುವ ಊತ ದವಡೆಯ ರೋಗವೇ ಅಲ್ಲ. ತಲೆ ತಗ್ಗಿಸಿ ಮೇಯ್ದು ಬಂದ ಸಂಜೆ ಇದು ಹೆಚ್ಚು ಕಾಣುತ್ತದೆ. ಹೊಟ್ಟೆಯೊಳಗಿನ ಹುಳಗಳು ರಕ್ತದ ಸಾರವನ್ನು ಹೀರಿದಾಗ ನೀರು ಹೀಗೆ ಕೆಳಗೆ ಬಂದು ನಿಲ್ಲುತ್ತದೆ. ಮುಖ್ಯವಾಗಿ ಪಿತ್ತಕೋಶದ ಎಲೆಹುಳ ಇದಕ್ಕೆ ಕಾರಣ. ಈ ಹುಳದ ಮರಿ ಕೆರೆ, ತೋಡು, ಬೈಲುಗದ್ದೆಗಳ ಸಣ್ಣ ಬಸವನಹುಳುಗಳಲ್ಲಿ ಬೆಳೆದು ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲನ್ನು ತಿಂದ ದನ ಬಡಕಲಾಗಿ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ. ಸೆಗಣಿಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷಿಸಿ, ಅದೇ ಹುಳಕ್ಕೆ ತಕ್ಕ ಔಷಧಿ ಕುಡಿಸಿದರೆ ಊತ ಇಳಿಯುತ್ತದೆ. ಎಲ್ಲ ಜಂತುಹುಳದ ಔಷಧಿಯೂ ಎಲೆಹುಳವನ್ನು ಕೊಲ್ಲುವುದಿಲ್ಲ. ಅಂಗಡಿಯಿಂದ ಯಾವುದೋ ಒಂದನ್ನು ತಂದು ಕುಡಿಸಿ ಗುಣವಾಗಲಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ದವಡೆ ಮತ್ತು ಗಂಟಲಿನ ಸುತ್ತ ಒಂದೇ ದಿನದಲ್ಲಿ ಬಿಸಿಯಾದ, ನೋವಿನ ಊತ ಬಂದು, ಜೋರು ಜ್ವರ, ಗೊರಗೊರ ಉಸಿರು ಇದ್ದರೆ ಅದು ಗಳಲೆ ರೋಗ ಇರಬಹುದು. ಮಳೆಗಾಲದಲ್ಲಿ ಇದರ ಹಾವಳಿ ಹೆಚ್ಚು. ಇಲ್ಲಿ ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ. ರಾತ್ರಿಯಾದರೂ ಪಶುವೈದ್ಯರನ್ನು ಸಂಪರ್ಕಿಸಬೇಕು. ಮಳೆಗಾಲಕ್ಕೆ ಮೊದಲೇ ಇಲಾಖೆಯವರು ಹಾಕುವ ಲಸಿಕೆಯನ್ನು ತಪ್ಪಿಸದಿರುವುದೇ ಇದಕ್ಕೆ ಸರಿಯಾದ ಉಪಾಯ.

ಒಂದು ಬದಿಯಲ್ಲಿ ಮೊದಲು ಗಟ್ಟಿಯಿದ್ದು, ಕೆಲವು ದಿನಗಳಲ್ಲಿ ನಡುವೆ ಮೆತ್ತಗಾಗುವ, ಚರ್ಮದೊಂದಿಗೆ ಸರಿಯುವ ಊತ ಸಾಮಾನ್ಯವಾಗಿ ಕೀವುಗಂಟು. ಮುಳ್ಳು, ತಂತಿ ಚುಚ್ಚಿದಲ್ಲಿ ಹೀಗಾಗುತ್ತದೆ. ಪಶುವೈದ್ಯರು ಸೂಜಿ ಹಾಕಿ ಕೀವು ಇದೆಯೆಂದು ಖಚಿತ ಮಾಡಿಕೊಂಡ ಮೇಲೆಯೇ ಅದನ್ನು ತೆರೆಯುತ್ತಾರೆ. ಇದಲ್ಲದೆ ಹಲ್ಲು ಸವೆದ ಮುದಿ ದನದಲ್ಲಿ ಕೆನ್ನೆಯೊಳಗೆ ಜಗಿದ ಹುಲ್ಲು ಸಿಕ್ಕಿ ಕೂತು ಹೊರಗೆ ಗಂಟಿನಂತೆ ಕಾಣುವುದೂ ಉಂಟು. ಬಾಯಿ ತೆರೆಸಿ ತೊಳೆದರೆ ಅದು ಹೋಗುತ್ತದೆ, ಆದರೆ ಹಲ್ಲನ್ನು ಪರೀಕ್ಷಿಸಬೇಕು.

ಗಟ್ಟಿ ಗಂಟು: ಇದೇ ದವಡೆಗಂಟು ರೋಗ

ಉಬ್ಬು ಕಲ್ಲಿನಂತೆ ಗಟ್ಟಿಯಾಗಿದ್ದು, ಎಲುಬಿಗೆ ಕಚ್ಚಿ ಕೂತು, ಒಂದು ಬದಿಯಲ್ಲಿ ದವಡೆಹಲ್ಲುಗಳ ನೇರಕ್ಕೆ ಇದ್ದು, ಮೊದಮೊದಲು ನೋವೂ ಜ್ವರವೂ ಇಲ್ಲದಿದ್ದರೆ ದವಡೆಗಂಟು ರೋಗವೆಂದೇ ಸಂಶಯ ಪಡಬೇಕು. ನಮ್ಮ ಕೆಂಪಿಗೆ ಬಂದದ್ದು ಇದೇ. ನೋವಿಲ್ಲದೆ ಬರುವುದರಿಂದಲೇ ರೈತರು ಇದನ್ನು ಉದಾಸೀನ ಮಾಡುವುದು.

ಆಕ್ಟಿನೊಮೈಸಿಸ್ ಬೋವಿಸ್ ಎಂಬ ರೋಗಾಣು ಇದಕ್ಕೆ ಕಾರಣ. ೧೮೭೭ರಲ್ಲಿ ಜರ್ಮನಿಯ ಬೊಲಿಂಜರ್ ಎಂಬವರು ದನಗಳ ದವಡೆಯ ಗಂಟಿನಲ್ಲಿ ಇದನ್ನು ಗುರುತಿಸಿದರು. ಹಾರ್ಜ್ ಎಂಬ ಸಸ್ಯಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಸೂರ್ಯನ ಕಿರಣಗಳಂತೆ ಹರಡಿ ಕಾಣುತ್ತಿದ್ದ ಅದಕ್ಕೆ ‘ಕಿರಣದ ಬೂಷ್ಟು’ ಎಂಬ ಅರ್ಥದ ಹೆಸರಿಟ್ಟರು. ಅದು ಬೂಷ್ಟು ಅಲ್ಲ, ಬ್ಯಾಕ್ಟೀರಿಯ ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈ ರೋಗಾಣು ಹೊರಗಿನಿಂದ ಬರಬೇಕೆಂದಿಲ್ಲ. ಆರೋಗ್ಯವಂತ ದನದ ಬಾಯಿಯಲ್ಲಿಯೂ ಅದು ಇರುತ್ತದೆ. ಬಾಯಿಯ ಒಳಚರ್ಮ ಗಟ್ಟಿಯಾಗಿರುವ ತನಕ ಅದರಿಂದ ತೊಂದರೆಯಿಲ್ಲ. ಗರಸು ಹುಲ್ಲು, ಮುಳ್ಳು, ತಂತಿ ಚುಚ್ಚಿ ಗಾಯವಾದಾಗ ಅಥವಾ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಸಂದಿನಲ್ಲಿ ಅದು ಒಳಗೆ ಇಳಿದು ಎಲುಬಿನಲ್ಲಿ ಮನೆ ಮಾಡುತ್ತದೆ. ಎರಡು ಹಲ್ಲಿನ ಪಡ್ಡೆಯಿಂದ ಬಾಯಿಗೂಡಿದ ದನದವರೆಗೆ, ಅಂದರೆ ಎರಡರಿಂದ ಐದು ವರ್ಷದೊಳಗೆ, ಈ ರೋಗ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಎಮ್ಮೆ ಕೋಣಗಳಿಗೂ ಬರಬಹುದು.

ಒಳಗೆ ಸೇರಿದ ರೋಗಾಣು ಎಲುಬನ್ನು ತಿನ್ನುತ್ತಾ ಹೋಗುತ್ತದೆ. ಶರೀರ ಅದರ ಸುತ್ತ ಹೊಸ ಎಲುಬು ಕಟ್ಟಲು ನೋಡುತ್ತದೆ. ಹೀಗೆ ಒಂದು ಕಡೆ ತಿಂದು, ಒಂದು ಕಡೆ ಕಟ್ಟಿ, ದವಡೆ ಜೇನುಗೂಡಿನಂತೆ ತೂತುತೂತಾಗಿ ಉಬ್ಬುತ್ತದೆ. ತಿಂಗಳುಗಳು ಕಳೆದಾಗ ಗಂಟು ಅಲ್ಲಲ್ಲಿ ಒಡೆದು ಜೇನಿನಂಥ ಅಂಟು ಕೀವು ಸುರಿಯುತ್ತದೆ. ಆ ಕೀವನ್ನು ಬೆರಳ ನಡುವೆ ತಿಕ್ಕಿದರೆ ಹಳದಿ ಬಣ್ಣದ ರವೆಯಂಥ ಹರಳುಗಳು ಸಿಗುತ್ತವೆ. ಇದನ್ನು ಕೈಗವಸು ಹಾಕಿಯೇ ನೋಡಬೇಕು. ಕೀವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ ವೈದ್ಯರು ರೋಗವನ್ನು ಖಚಿತಪಡಿಸುತ್ತಾರೆ. ಆಮೇಲೆ ಹಲ್ಲು ಸಡಿಲಾಗುತ್ತದೆ, ದನ ಹಸಿವಿದ್ದೂ ತಿನ್ನಲಾರದೆ ಸೊರಗುತ್ತದೆ.

ಇದರ ನೆಂಟನಂಥ ಇನ್ನೊಂದು ರೋಗದಲ್ಲಿ ಎಲುಬಿನ ಬದಲು ನಾಲಿಗೆ ಮರದ ತುಂಡಿನಂತೆ ಗಟ್ಟಿಯಾಗಿ, ದನ ಜೊಲ್ಲು ಸುರಿಸುತ್ತಾ ಹುಲ್ಲನ್ನು ಒಳಗೆ ಎಳೆದುಕೊಳ್ಳಲಾರದೆ ನಿಲ್ಲುತ್ತದೆ. ಅದರ ರೋಗಾಣು ಬೇರೆ. ಬೇಗ ಚಿಕಿತ್ಸೆ ಮಾಡಿದರೆ ಅದು ಚೆನ್ನಾಗಿ ಗುಣವಾಗುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ೨೦೨೨ರಲ್ಲಿ ರಾಜ್ಯದ ತುಂಬ ಚರ್ಮಗಂಟು ರೋಗ ಹಬ್ಬಿದ ಮೇಲೆ ಗಂಟು ಎಂದರೆ ಜನರಿಗೆ ಅದೇ ಭಯ. ಚರ್ಮಗಂಟು ರೋಗ ವೈರಸ್ಸಿನಿಂದ ಬಂದು, ಜ್ವರದೊಂದಿಗೆ ಮೈಯೆಲ್ಲ ಗಂಟು ಏಳಿಸಿ, ನೊಣ ಸೊಳ್ಳೆ ಉಣ್ಣಿಗಳಿಂದ ಹಟ್ಟಿಯಿಂದ ಹಟ್ಟಿಗೆ ಹರಡುತ್ತದೆ. ದವಡೆಗಂಟು ಹಾಗೆ ಹರಡುವುದಿಲ್ಲ. ಒಂದು ದನಕ್ಕೆ ಬಂತೆಂದು ಹಟ್ಟಿಯ ಎಲ್ಲವಕ್ಕೂ ಬರಬೇಕೆಂದಿಲ್ಲ. ಹೆದರುವುದೂ ಬೇಡ, ಬಚ್ಚಿಡುವುದೂ ಬೇಡ.

ಚಿಕಿತ್ಸೆ ಹೇಗೆ?

ಈ ರೋಗಕ್ಕೆ ಅಯೋಡಿನ್ ಸೇರಿದ ಔಷಧಿಗಳ ಬಳಕೆ ನೂರು ವರ್ಷಕ್ಕೂ ಹಳೆಯದು. ಈಗಲೂ ಪಶುವೈದ್ಯರು ಸೋಡಿಯಂ ಅಯೋಡೈಡನ್ನು ದನದ ತೂಕ ಲೆಕ್ಕ ಹಾಕಿ ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ವಾರ ಹತ್ತು ದಿನ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ. ನಾಳದಿಂದ ಹೊರಗೆ ಸೋರಿದರೆ ಆ ಜಾಗ ಸುಟ್ಟಂತಾಗುವುದರಿಂದ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇದರೊಂದಿಗೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಅಥವಾ ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧಿಗಳನ್ನು ಹಲವು ದಿನ ಕೊಡುವುದುಂಟು.

ರೈತರು ಇಲ್ಲಿ ಮೂರು ವಿಷಯ ನೆನಪಿಡಬೇಕು. ಮೊದಲನೆಯದು, ದನ ಗಬ್ಬವಾಗಿದ್ದರೆ ಎಷ್ಟು ತಿಂಗಳು ಎಂದು ಮೊದಲೇ ವೈದ್ಯರಿಗೆ ಹೇಳಬೇಕು. ಗಬ್ಬದ ದನಕ್ಕೆ ಅಯೋಡೈಡ್ ಕೊಡುವಾಗ ಎಚ್ಚರಿಕೆ ಬೇಕು. ಎರಡನೆಯದು, ಔಷಧಿ ಕೊಟ್ಟ ಮೇಲೆ ಕಣ್ಣಲ್ಲಿ ಮೂಗಲ್ಲಿ ನೀರು, ಮೈಮೇಲೆ ಹೊಟ್ಟು ಏಳುವುದು, ಮೇವು ಬಿಡುವುದು ಕಂಡರೆ ತಿಳಿಸಬೇಕು. ಅಯೋಡಿನ್ ಹೆಚ್ಚಾದುದರ ಗುರುತು ಅದು. ವೈದ್ಯರು ಔಷಧಿ ನಿಲ್ಲಿಸುತ್ತಾರೆ. ಮೂರನೆಯದು, ಒಂದು ಇಂಜೆಕ್ಷನಿಗೆ ಗಂಟು ಇಳಿಯಲಿಲ್ಲವೆಂದು ಅರ್ಧಕ್ಕೆ ಬಿಡಬಾರದು.

ಗುಣವಾಗುವುದು ಎಂದರೆ ಏನು ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಹಾಳಾದ ಎಲುಬು ಮೊದಲಿನ ಆಕಾರಕ್ಕೆ ಬರುವುದಿಲ್ಲ. ಔಷಧಿಯಿಂದ ಆಗುವ ಲಾಭವೆಂದರೆ ರೋಗ ಮುಂದುವರಿಯದೆ ಅಲ್ಲಿಗೇ ನಿಲ್ಲುವುದು. ಅಡಿಕೆಯಷ್ಟಿದ್ದಾಗ ನಿಂತರೆ ದನ ಹಲವು ವರ್ಷ ತಿಂದು, ಕರು ಹಾಕಿ, ಹಾಲು ಕೊಡುತ್ತದೆ. ತೆಂಗಿನಕಾಯಿಯಷ್ಟಾಗಿ ಹಲ್ಲು ಸಡಿಲಾದ ಮೇಲೆ ನಿಂತರೂ ಜಗಿಯುವ ಶಕ್ತಿ ಮರಳುವುದಿಲ್ಲ. ಬೇಗ ಕರೆಯಬೇಕು ಎನ್ನುವುದು ಇದೇ ಕಾರಣಕ್ಕೆ.

ಚಿಕಿತ್ಸೆಯ ದಿನಗಳಲ್ಲಿ ಮತ್ತು ಆಮೇಲೆ ವೈದ್ಯರು ಹೇಳಿದಷ್ಟು ದಿನ ಆ ದನದ ಹಾಲನ್ನು ಸೊಸೈಟಿಗೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು. ಔಷಧಿಯ ಅಂಶ ಹಾಲಿನಲ್ಲಿ ಬರುತ್ತದೆ. ಅಂಥ ಹಾಲು ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ. ಒಬ್ಬರ ಹಾಲಿನಿಂದ ಇಡೀ ಕ್ಯಾನು ಕೆಡಬಾರದಲ್ಲ?

ಮಾಡಬಾರದ ಕೆಲಸಗಳು

ಗಟ್ಟಿ ಗಂಟಿಗೆ ಬರೆ ಹಾಕಬಾರದು. ಬೆಂಕಿಯ ಬಿಸಿ ಚರ್ಮವನ್ನು ಸುಡುತ್ತದೆಯೇ ಹೊರತು ಎಲುಬಿನ ಒಳಗಿನ ರೋಗಾಣುವನ್ನು ಮುಟ್ಟುವುದಿಲ್ಲ. ಬ್ಲೇಡು ಹಾಕಬಾರದು. ಒಳಗೆ ಚೀಲದಂತೆ ನಿಂತ ಕೀವು ಇಲ್ಲದಿರುವುದರಿಂದ ಹೊರಬರುವುದೇನೂ ಇಲ್ಲ, ಹೊಸ ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಗೇರೆಣ್ಣೆ, ಆಸಿಡ್, ಬ್ಯಾಟರಿ ನೀರು ಮುಂತಾದವನ್ನು ಹಚ್ಚುವುದು ದನಕ್ಕೆ ಹಿಂಸೆಯೇ ಸರಿ. ನಮ್ಮ ಹಿರಿಯರು ಬರೆ ಹಾಕಿದ್ದು ದ್ವೇಷದಿಂದಲ್ಲ. ಬೇರೆ ದಾರಿ ಇಲ್ಲದ ಕಾಲದಲ್ಲಿ ದನ ಉಳಿಯಲೆಂದೇ ಹಾಕಿದರು. ಇಂದು ದಾರಿಯಿದೆ.

ಗಂಟು ಒಡೆದು ಕೀವು ಸುರಿಯುತ್ತಿರುವ ದನವನ್ನು ಬೇರೆ ಕಟ್ಟಿ, ಬೇರೆ ಬೈಪಣೆಯಲ್ಲಿ ಮೇವು ಹಾಕಬೇಕು. ಕೀವು ತಾಗಿದ ಉಳಿಕೆ ಹುಲ್ಲನ್ನು ಸುಡಬೇಕು. ಗಾಯ ತೊಳೆಯುವವರು ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳವಾಗದಂತೆ ದಿನಾ ನೋಡಬೇಕು.

ಮುರಿದ ದವಡೆ, ಹುಟ್ಟಿನ ಓರೆ ದವಡೆ

ದವಡೆ ಓರೆಯಾಗಲು ಪೆಟ್ಟೂ ಕಾರಣವಾಗಬಹುದು. ಗುಡ್ಡದಿಂದ ಜಾರಿ ಬಿದ್ದಾಗ, ಬೇಲಿಯ ಸಂದಿನಲ್ಲಿ ಬಾಯಿ ಸಿಕ್ಕಿ ಜಗ್ಗಿದಾಗ, ವಾಹನ ತಾಗಿದಾಗ ಕೆಳದವಡೆ ಮುರಿಯುತ್ತದೆ. ಮುಂಬಲ್ಲಿನ ಸಾಲು ಒಮ್ಮೆಲೇ ಓರೆಯಾಗುತ್ತದೆ, ಬಾಯಿಯಿಂದ ರಕ್ತ ಮಿಶ್ರಿತ ಜೊಲ್ಲು ಬರುತ್ತದೆ. ಇದರಿಂದ ದನ ಹೋಯಿತೆಂದು ಕೈಬಿಡಬೇಕಿಲ್ಲ. ಪಶುವೈದ್ಯರು ಹಲ್ಲುಗಳ ನಡುವೆ ತಂತಿ ಬಿಗಿದು ದವಡೆಯನ್ನು ಕೂಡಿಸುತ್ತಾರೆ. ಕೂಡುವ ತನಕ ಗಂಜಿ, ಅಕ್ಕಚ್ಚು, ನೆನೆಸಿದ ಹಿಂಡಿ, ಸಣ್ಣಗೆ ಕೊಚ್ಚಿದ ಎಳೆಹುಲ್ಲು ಕೊಡಬೇಕು. ಬಾಯಿ ದಿನಾ ತೊಳೆಯಬೇಕು.

ಕೆಲವು ಕರುಗಳು ಹುಟ್ಟುವಾಗಲೇ ಕೆಳದವಡೆ ಗಿಡ್ಡವಾಗಿಯೋ ಒಂದು ಬದಿಗೆ ತಿರುಗಿಯೋ ಇರುತ್ತವೆ. ಮೊಲೆ ಹಿಡಿಯಲು ಆಗದಿದ್ದರೆ ಹುಟ್ಟಿದ ಮೊದಲ ಗಂಟೆಗಳಲ್ಲಿಯೇ ಗಿಣ್ಣುಹಾಲನ್ನು ಬಾಟಲಿಯಲ್ಲಿ ನಿಧಾನವಾಗಿ ಕುಡಿಸಬೇಕು. ಅವಸರದಲ್ಲಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ವ್ಯತ್ಯಾಸ ಸ್ವಲ್ಪವೇ ಇದ್ದರೆ ಕರು ಬದುಕಿ ಬೆಳೆಯುತ್ತದೆ. ಆದರೆ ಈ ದೋಷ ವಂಶದಲ್ಲಿ ಬರಬಹುದಾದ್ದರಿಂದ ಅಂಥ ಗಂಡುಕರುವನ್ನು ಬೀಜಕ್ಕೆ ಬಿಡಬಾರದು. ಮಲೆನಾಡು ಗಿಡ್ಡ ಸಾಕುವವರು ಒಂದೇ ಹೋರಿಯನ್ನು ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಾಯಿಸದೆ ಆಗಾಗ ಬದಲಾಯಿಸುವುದು ಒಳ್ಳೆಯದು.

ಬರದಂತೆ ತಡೆಯುವುದು

ದವಡೆಗಂಟಿಗೆ ಲಸಿಕೆಯಿಲ್ಲ. ಬಾಯಿಗೆ ಗಾಯವಾಗದಂತೆ ನೋಡಿಕೊಳ್ಳುವುದೇ ಉಪಾಯ. ನಮ್ಮ ಕಡೆಯ ಮೇವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು.

ಬೆಳ್ತಂಗಡಿಯ ಚಾರ್ಮಾಡಿ ಬುಡದಿಂದ ಮೂಡುಬಿದಿರೆಯ ಪದವುಗಳವರೆಗೆ ಗುಡ್ಡದ ಮುಳಿಹುಲ್ಲು ಸಿಗುತ್ತದೆ. ಎಳೆಯದಿರುವಾಗ ಅದು ಒಳ್ಳೆಯ ಮೇವು. ಮಳೆ ಹೋಗಿ ತೆನೆ ಬಲಿತ ಮೇಲೆ ಅದರ ಮುಳ್ಳಿನಂಥ ಬೀಜ ನಮ್ಮ ಬಟ್ಟೆಗೆ ಚುಚ್ಚಿಕೊಳ್ಳುವಂತೆ ದನದ ವಸಡಿಗೂ ಚುಚ್ಚುತ್ತದೆ. ತೆನೆ ಬರುವ ಮೊದಲೇ ಕೊಯ್ಯಬೇಕು. ಬಲಿತದ್ದನ್ನು ಹಟ್ಟಿಯ ಅಡಿಗೆ ಹಾಸಲು ಬಳಸಬಹುದು. ಈಗ ಯಂತ್ರದಲ್ಲಿ ಹುಲ್ಲು ಹೊಡೆಯುವವರು ಹೆಚ್ಚು. ಕೈಯಲ್ಲಿ ಕತ್ತಿ ಹಿಡಿದು ಕೊಯ್ಯುವಾಗ ನಾಚಿಕೆಮುಳ್ಳನ್ನು ಬಿಟ್ಟು ಕೊಯ್ಯುತ್ತಿದ್ದರು. ಯಂತ್ರ ಅದನ್ನು ಬಿಡುವುದಿಲ್ಲ. ಮುಳ್ಳು, ಪ್ಲಾಸ್ಟಿಕ್ ಹಗ್ಗ, ಬೇಲಿ ತಂತಿಯ ತುಂಡು ಎಲ್ಲವೂ ಹುಲ್ಲಿನ ಹೊರೆಯಲ್ಲಿ ಬರುತ್ತವೆ. ಬೈಪಣೆಗೆ ಹಾಕುವ ಮೊದಲು ಕೊಡವಿ ನೋಡುವ ಎರಡು ನಿಮಿಷ ದಂಡವಲ್ಲ.

ವಿಟ್ಲ, ಬಂಟ್ವಾಳ ಕಡೆಯ ತೋಟದವರು ಅಡಿಕೆ ಹಾಳೆಯನ್ನು ಮೇವಾಗಿ ಬಳಸುವುದುಂಟು. ಒಣಗಿದ ಹಾಳೆಯ ಅಂಚು ಗರಸು. ಸಣ್ಣ ಹೋಳು ಮಾಡಿ, ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಹಾಕಿದರೆ ತಿನ್ನಲೂ ಸುಲಭ, ಬಾಯಿಗೂ ಹಿತ. ಬಲಿತ ನೇಪಿಯರ್ ಹುಲ್ಲಿನ ದಂಟನ್ನು ಕೊಚ್ಚಿ ಹಾಕಬೇಕು. ಗಟ್ಟಿ ಬೈಹುಲ್ಲಿಗೆ ನೀರು ಚಿಮುಕಿಸುವ ಹಳೆಯ ಕ್ರಮವೂ ಒಳ್ಳೆಯದೇ. ಹಲ್ಲು ಬದಲಾಗುವ ಪಡ್ಡೆಗಳಿಗಂತೂ ಮೆತ್ತಗಿನ ಮೇವನ್ನೇ ಆರಿಸಿ ಕೊಡಬೇಕು.

ಇದೆಲ್ಲಕ್ಕಿಂತ ಮುಖ್ಯವಾದುದು ಕೈಯಿಂದ ತಡವಿ ನೋಡುವ ಅಭ್ಯಾಸ. ಮೂಡುಬಿದಿರೆ, ವೇಣೂರು, ಹೊಕ್ಕಾಡಿಗೋಳಿ ಕಂಬಳಕ್ಕೆ ಕೋಣ ಇಳಿಸುವವರನ್ನು ನೋಡಿದ್ದೀರಿ. ಎಣ್ಣೆ ತಿಕ್ಕುವಾಗ ಕೋಣದ ಮೈಯ ಒಂದು ಗೇಣು ಜಾಗವೂ ಅವರ ಕೈಗೆ ತಪ್ಪುವುದಿಲ್ಲ. ಒಂದು ಸಣ್ಣ ಬಾವು ಬಂದರೂ ಅದೇ ದಿನ ಗೊತ್ತಾಗುತ್ತದೆ. ಹಾಲು ಕೊಡುವ ದನಕ್ಕೂ ವಾರಕ್ಕೊಮ್ಮೆಯಾದರೂ ಅಂಥ ಕೈ ಬೇಕು. ಹಾಲು ಕರೆಯುವವರು ಮನೆಯ ಹೆಂಗಸರಾದರೆ ದವಡೆ ತಡವಿ ನೋಡುವ ಈ ಕ್ರಮವನ್ನು ಅವರಿಗೇ ಮೊದಲು ಹೇಳಿಕೊಡಬೇಕು. ಅವರು “ಯಾಕೋ ಸರಿಯಿಲ್ಲ” ಎಂದಾಗ ಆ ಮಾತನ್ನು ಕೊಯ್ಲಿನ ಗಡಿಬಿಡಿಯಲ್ಲಿ ತಳ್ಳಿಹಾಕಬಾರದು.

ಎರಡನೆಯ ದನದ ಕಥೆ

೨೦೨೨ರ ಕೊನೆಯಲ್ಲಿ ನಮ್ಮ ಹಟ್ಟಿಯಲ್ಲಿ ಮತ್ತೊಮ್ಮೆ ಇದೇ ಗಂಟು ಕಂಡಿತು. ನಾಲ್ಕು ಹಲ್ಲಿನ ದನ, ಬಲ ದವಡೆ. ಚರ್ಮಗಂಟು ಬಂತೆಂದು ನೆರೆಯವರು ಹೆದರಿದರು. ಕೈಯಲ್ಲಿ ತಡವಿ ನೋಡಿದೆ. ಗಟ್ಟಿ, ಅಲ್ಲಾಡುವುದಿಲ್ಲ, ಒಂದೇ ಬದಿ, ಜ್ವರವಿಲ್ಲ. ಮರುದಿನವೇ ಪಶುವೈದ್ಯರು ಬಂದರು. ಮೂರು ಸಲ ರಕ್ತನಾಳಕ್ಕೆ ಔಷಧಿ, ಜೊತೆಗೆ ಇಂಜೆಕ್ಷನ್. ಅಷ್ಟು ದಿನ ಹಾಲನ್ನು ತೋಟಕ್ಕೆ ಚೆಲ್ಲಿದೆವು. ಹೊಟ್ಟೆ ಉರಿಯಿತು, ಆದರೂ ಚೆಲ್ಲಿದೆವು. ಗಂಟು ಪೂರ್ತಿ ಹೋಗಲಿಲ್ಲ, ಇಂದಿಗೂ ಅಡಿಕೆಯಷ್ಟು ಇದೆ. ಮುಖ ಎದುರಿನಿಂದ ನೋಡಿದರೆ ಸ್ವಲ್ಪ ಓರೆ. ಆದರೆ ಆಮೇಲೆ ಆ ದನ ಎರಡು ಕರು ಹಾಕಿದೆ. ಸೊಸೈಟಿಯಲ್ಲಿ ಅದರ ಹಾಲನ್ನು ಅಳೆಯುವವರಿಗೆ ದವಡೆ ಓರೆಯೋ ನೇರವೋ ಗೊತ್ತಿಲ್ಲ.

ಕೆಂಪಿಗೂ ಇದಕ್ಕೂ ರೋಗ ಒಂದೇ. ಬೇರೆಯಾದದ್ದು ನಾವು ವೈದ್ಯರನ್ನು ಕರೆದ ದಿನ ಮಾತ್ರ.

ಹತ್ತಿರದ ಪಶು ಆಸ್ಪತ್ರೆಯವರನ್ನು ಅಥವಾ ಹಾಲಿನ ಸೊಸೈಟಿಯ ಮೂಲಕ ಒಕ್ಕೂಟದ ಪಶುವೈದ್ಯರನ್ನು ಕೇಳಬಹುದು. ಪಶುಪಾಲನಾ ಇಲಾಖೆಯ ಸಹಾಯವಾಣಿ ೧೯೬೨ ಎಂಬ ಸಂಖ್ಯೆಗೆ ಕರೆ ಮಾಡಿ ಸಂಚಾರಿ ಚಿಕಿತ್ಸಾ ವಾಹನದ ನೆರವನ್ನೂ ಕೋರಬಹುದು. ಇಂದು ಸಂಜೆ ಹಟ್ಟಿಗೆ ಹೋದಾಗ ಎರಡೂ ಕೈಯಿಂದ ಒಮ್ಮೆ ದನದ ದವಡೆ ತಡವಿ ನೋಡಿ. ಎರಡು ಬದಿ ಸಮವಾಗಿದ್ದರೆ ಸಂತೋಷ. ಇಲ್ಲವಾದರೆ ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಯಾವುದೆಂದು ಗೊತ್ತಾಯಿತಲ್ಲ.